ಡಿಕ್ಕಿಯಲ್ಲಿರುವ ಧೋತರದ ತುಂಡು

ನಮ್ಮ ಪ್ರೀಮಿಯರ್ ಪದ್ಮಿನಿಯ ಡಿಕ್ಕಿಯಲ್ಲಿ ಇವತ್ತಿಗೂ ಹಳೇ ಧೋತರದ ಒಂದು ತುಂಡು ಇದೆ. ಅಪ್ಪ ಇಟ್ಟದ್ದು. ಅವರು ಹೋದ ಮೇಲೂ ನಾನು ಅದನ್ನು ತೆಗೆದಿಲ್ಲ.

ವಿಜಯಪುರದ ಮೇ ತಿಂಗಳ ಬಿಸಿಲು ಗೊತ್ತಲ್ವಾ? ಆ ಬಿಸಿಲಲ್ಲಿ ಬಾಗಲಕೋಟೆಗೆ ಹೊರಟರೆ ಕೊಲ್ಹಾರದ ಹತ್ತಿರ ಗಾಡಿ ಒಮ್ಮೆ ನಿಲ್ಲಲೇಬೇಕು. ಪದ್ಮಿನಿಯ ಪೆಟ್ರೋಲ್ ಪಂಪ್ ಇಂಜಿನ್ನಿಗೆ ಅಂಟಿಕೊಂಡೇ ಇರುತ್ತದೆ. ಅದು ಕಾದರೆ ಒಳಗಿನ ಪೆಟ್ರೋಲ್ ಆವಿಯಾಗಿ, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿಗೆ ಏರುವುದಿಲ್ಲ. ಅಪ್ಪ ಬಾನೆಟ್ ಎತ್ತಿ, ಧೋತರದ ತುಂಡು ನೆನೆಸಿ ಪಂಪಿನ ಮೇಲೆ ಹಾಕುತ್ತಿದ್ದರು. "ಕಾದೈತಿ, ತಂಪಾಗ್ಲಿ ತಡೀ" ಅನ್ನುತ್ತಿದ್ದರು. ಅಷ್ಟರಲ್ಲಿ ಅವ್ವ ರೊಟ್ಟಿ ಗಂಟು ಬಿಚ್ಚುತ್ತಿದ್ದಳು. ಕೃಷ್ಣೆಯ ಹಿನ್ನೀರು, ಆ ಉದ್ದನೆಯ ಸೇತುವೆ, ಶೇಂಗಾ ಚಟ್ನಿ, ಬಿಸಿ ಇಂಜಿನ್ನಿನ ವಾಸನೆ: ನನಗೆ ಇವೆಲ್ಲ ಒಂದೇ ನೆನಪು.

ಈಗ ದಿನಾ ಓಡಿಸುವುದು ವ್ಯಾಗನ್ ಆರ್. ಇದರ ಇಂಜಿನ್ 998 ಸಿಸಿ, ಪದ್ಮಿನಿಯದು 1,089 ಸಿಸಿ. ಹಳೆಯದೇ ದೊಡ್ಡದು. ಆದರೂ ಅದರ ಶಕ್ತಿ 40 ಎಚ್‌ಪಿ ಆಸುಪಾಸು, ಇದರದು 66ರ ಹತ್ತಿರ. ಇದರ ಪಂಪ್ ಟ್ಯಾಂಕಿನ ಪೆಟ್ರೋಲಿನಲ್ಲೇ ಮುಳುಗಿರುತ್ತದೆ, ಹಾಗಾಗಿ ಬಿಸಿಲು ಏನೂ ಮಾಡುವುದಿಲ್ಲ. ಅವ್ವನಿಗೆ ಮೊಣಕಾಲು ನೋವು. ಸೀಟು ಎತ್ತರ ಇರುವುದರಿಂದ ಬಗ್ಗದೆ ಕೂರುತ್ತಾಳೆ. ಹೋದ ಮೇ ತಿಂಗಳು ಎಸಿ ಹಾಕಿಕೊಂಡು ಬಾಗಲಕೋಟೆಗೆ ಹೊರಟಿದ್ದೆವು. ಕೊಲ್ಹಾರ ಬಂದಾಗ ಅವ್ವ ಕೇಳಿದಳು, "ಇಲ್ಲಿ ನಿಂದ್ರಸೂದಿಲ್ಲೇನು?" ನಿಲ್ಲಿಸಿದೆ.

ಒಂದು ವಿಷಯದಲ್ಲಿ ಮಾತ್ರ ನಾನು ಪೂರ್ತಿ ಹೊಸ ಗಾಡಿಯ ಪರ. ಕಬ್ಬಿನ ಸೀಸನ್‌ನಲ್ಲಿ ಒಂದು ರಾತ್ರಿ ಬರುವಾಗ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಎದುರಿಗೇ ಕಂಡಿತು. ಹಿಂದೆ ಒಂದು ಲೈಟೂ ಇಲ್ಲ. ಬ್ರೇಕ್ ಒತ್ತಿದೆ, ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕಾಲಡಿ ಗಡಗಡ ಅಂದಿತು, ಗಾಡಿ ಬಾಲ ತಿರುಗಿಸದೆ ನೇರ ನಿಂತಿತು. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಒತ್ತಲು ಬೂಸ್ಟರ್ ಇಲ್ಲ, ಏರ್‌ಬ್ಯಾಗ್ ಇಲ್ಲ. ನಮ್ಮದಕ್ಕೆ ಬೆಲ್ಟೂ ಇಲ್ಲ. ಆ ರಾತ್ರಿಯಿಂದ ಅದನ್ನು ಕತ್ತಲಾದ ಮೇಲೆ ಹೊರಗೆ ತೆಗೆದಿಲ್ಲ.

ಆದರೆ ಮಾರುವುದಿಲ್ಲ. ಸ್ಟೇರಿಂಗ್ ಪಕ್ಕದ ಆ ಗೇರ್ ಕಡ್ಡಿಯನ್ನು ಎರಡನೆಯದರಿಂದ ಮೂರನೆಯದಕ್ಕೆ ತರುವಾಗ ಅಪ್ಪನ ಕೈ ನೆನಪಾಗುತ್ತದೆ. ಹಲ್ಲಿಗೆ ಹಲ್ಲು ಕೂತದ್ದು ಅಂಗೈಗೇ ತಿಳಿಯುತ್ತದೆ.

ಈಗ ಬಂದಿರುವ ಚಿಂತೆ ಬೇರೆ. ಬಂಕಿನ ಪೆಟ್ರೋಲಿನಲ್ಲಿ 20% ತನಕ ಎಥೆನಾಲ್ ಇರುತ್ತದೆ. ನಮ್ಮ ಕಡೆಯ ಕಬ್ಬಿಗೂ ಅದರಲ್ಲಿ ಪಾಲಿದೆ, ರೈತರಿಗೆ ಒಳ್ಳೆಯದಾಗಲಿ. ಆದರೆ ಹಳೇ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ಮೊನ್ನೆ ಮಿಸ್ತ್ರಿ ಪೈಪ್ ಬಿಚ್ಚಿ ಕೈಗೆ ಕೊಟ್ಟ. ಹಿಚುಕಿದರೆ ಮೆತ್ತಗೆ, ಬೆರಳಿಗೆ ಕಪ್ಪು ಅಂಟಿತು. ಪೈಪ್ ಎಲ್ಲ ಬದಲಿಸಿದ್ದೇವೆ. ಪಂಪಿನ ಡಯಾಫ್ರಾಮ್, ಅಂದರೆ ಒಳಗಿನ ಪೊರೆ, ಬರುವುದಿದೆ.

ಅದು ಬಂದ ಮೇಲೆ ಒಂದು ಭಾನುವಾರ, ಬೆಳಗ್ಗೆ ಆರಕ್ಕೇ ಹೊರಟು ಅವ್ವನನ್ನು ಪದ್ಮಿನಿಯಲ್ಲಿ ಕೊಲ್ಹಾರದ ಸೇತುವೆವರೆಗೆ ಕರೆದುಕೊಂಡು ಹೋಗುತ್ತೇನೆ. ಸೀಟು ತಗ್ಗು, ಎರಡು ದಿಂಬು ಹಾಕಬೇಕು.