ಹತ್ತಕ್ಕೆ ಮೂರು

ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನ (ಕಾಲುವೆ ನೀರಾವರಿಯನ್ನು ನಂಬಿ ಬಂದವರು ನೆಲೆಸಿದ ಊರಿನ) ಶಾಲೆ ನನ್ನದು. ಕಾಲುವೆಯ ಆಚೆ ಭತ್ತದ ಗದ್ದೆ, ಈಚೆ ನಾವು. ಆ ವರ್ಷದ ಆರಂಭದಲ್ಲಿ, ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿಮಾಡುವ ಸೇತುಬಂಧದಲ್ಲಿ, ಕೊರತೆ ಎಲ್ಲಿದೆ ಎಂದು ತಿಳಿಯಲು ಕೊಡುವ ನೈದಾನಿಕ ಪರೀಕ್ಷೆಯಲ್ಲಿ ನಾಲ್ಕನೇ ತರಗತಿಯ ಮೂವರು ಮಕ್ಕಳಿಗೆ ಗಣಿತದಲ್ಲಿ ಹತ್ತಕ್ಕೆ ಮೂರು ಅಂಕ ಬಂದವು. ಮೂವರ ಹೆಸರಿನ ಮುಂದೆಯೂ ‘ಪರಿಹಾರ ಬೋಧನೆ’ ಎಂದು ಬರೆದು, ಊಟದ ನಂತರ ಕೂರಿಸಿ ಎರಡು ವಾರ ಮಗ್ಗಿ ಬರೆಸಿದೆ. ಮಗ್ಗಿ ಬಂತು, ಲೆಕ್ಕ ಬರಲಿಲ್ಲ.

ಬೇಸರದಲ್ಲಿ ಉತ್ತರ ಪತ್ರಿಕೆಗಳನ್ನು ಮತ್ತೆ ತೆರೆದೆ. ಮೊದಲನೆಯವಳು 52ರಲ್ಲಿ 27 ಕಳೆದು 35 ಎಂದು ಬರೆದಿದ್ದಳು. 64ರಲ್ಲಿ 38 ಕಳೆದರೆ 34. 71ರಲ್ಲಿ 45 ಕಳೆದರೂ 34. ತಪ್ಪುಗಳೆಲ್ಲ ಒಂದೇ ಅಚ್ಚಿನವು. ಪಕ್ಕಕ್ಕೆ ಕರೆದು, “ಇದನ್ನು ಹೇಗೆ ಮಾಡಿದೆಯವ್ವಾ?” ಎಂದೆ.

“ಏಳರಲ್ಲಿ ಎರಡು ತೆಗೆದೆ ಸರ್.”

“ಎರಡರಲ್ಲಿ ಏಳನ್ನಲ್ಲವೇ ತೆಗೆಯಬೇಕಾದದ್ದು?”

“ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು ಎಂದು ನೀವೇ ಹೇಳಿದ್ದಿರಲ್ಲ ಸರ್!”

ಹೇಳಿದ್ದೆ. ಎರಡು ವರ್ಷದ ಹಿಂದೆ, ಸಣ್ಣ ತರಗತಿಗಳು ಒಟ್ಟಿಗೆ ಚಟುವಟಿಕೆಯಿಂದ ಕಲಿಯುವ ನಲಿ-ಕಲಿ ಕೊಠಡಿಯಲ್ಲಿ, ದಶಕ ರಹಿತ (ಹತ್ತನ್ನು ಸಾಲ ಪಡೆಯಬೇಕಿಲ್ಲದ) ಕಳೆಯುವ ಲೆಕ್ಕ ಕಲಿಸುವಾಗ. ಹುಡುಗಿ ನನ್ನ ಮಾತನ್ನು ನನಗಿಂತ ನಿಷ್ಠೆಯಿಂದ ಪಾಲಿಸುತ್ತಿದ್ದಳು. ಪೊರಕೆಕಡ್ಡಿಗಳನ್ನು ಹತ್ತರಂತೆ ಕಟ್ಟಿ, ಐದು ಕಟ್ಟು ಎರಡು ಬಿಡಿ ಕೊಟ್ಟು, 27 ತೆಗೆ ಎಂದೆ. ಸ್ವಲ್ಪ ಹೊತ್ತು ನೋಡಿ, ನಾನು ಬಾಯಿ ಬಿಡುವ ಮೊದಲೇ ಒಂದು ಕಟ್ಟಿನ ರಬ್ಬರ್ ಬಿಚ್ಚಿದಳು.

ಎರಡನೆಯವಳ ಮನೆಮಾತು ಉರ್ದು. ‘ಇಪ್ಪತ್ತೈದು’ ಎಂದು ಉಕ್ತಲೇಖನ ಕೊಟ್ಟಾಗ ಪತ್ರಿಕೆಯ ಬದಲು ಅವಳ ಕೈಯನ್ನು ನೋಡಿದೆ. ಮೊದಲು 5, ಅದರ ಬಲಕ್ಕೆ 2. ಮನೆಯ ‘ಪಚ್ಚೀಸ್’ನಲ್ಲಿ ಐದು ಮುಂದೆ, ಇಪ್ಪತ್ತು ಹಿಂದೆ. ಕನ್ನಡದಲ್ಲಿ ಇಪ್ಪತ್ತು ಮೊದಲು. ನಾನು ಬಾಯಲ್ಲಿ ಹೇಳಿದ ಲೆಕ್ಕವನ್ನು ಹೀಗೆ ತಿರುಗಿಸಿ ಬರೆದುಕೊಂಡ ಮೇಲೆ ಕೂಡಿದ್ದು ಸರಿಯಿದ್ದರೇನು ಬಂತು? (ಕನ್ನಡದ ಮಕ್ಕಳೂ ಎಂಬತ್ತು, ತೊಂಬತ್ತುಗಳಲ್ಲಿ ಎಡವುತ್ತಾರೆ. ಫ್ಯಾನಿನ ಸದ್ದಿನಲ್ಲಿ ನನ್ನ ಉಚ್ಚಾರವೂ ಅಷ್ಟಕ್ಕಷ್ಟೇ.) ಬಾಯಲ್ಲಿ ಹೇಳುವ ಬದಲು ಅಂಕಿಗಳಲ್ಲೇ ಬರೆದುಕೊಟ್ಟೆ. ಏಳು ಲೆಕ್ಕ ಸರಿಯಾದವು.

ಮೂರನೆಯ ಹುಡುಗ ಎಂಟಕ್ಕೆ ಐದು ಕೂಡಲು ಪ್ರತಿಸಲ ಒಂದರಿಂದ ಹೊರಡುತ್ತಿದ್ದ. ಹತ್ತು ಬೆರಳು ಮುಗಿದರೆ ಕೆಲಸ ನಿಂತಿತು. ಬೆರಳು ಮಡಚಬೇಡ ಎಂದು ಗದರಿದವನೂ ನಾನೇ. ಎಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಒಂಬತ್ತು, ಹತ್ತು ಎಂದು ಮುಂದುವರಿಯುವುದನ್ನು ಒಂದು ತಿಂಗಳು ಕಲಿಸಿದೆ. ಇಂದು ಬಂದದ್ದು ನಾಳೆ ಇರಲಿಲ್ಲ. ಒಮ್ಮೆ ಮೂರು ಕಡ್ಡಿ ಇಟ್ಟು ಎಷ್ಟು ಎಂದೆ. ನೋಡಿದ ಕೂಡಲೇ ಹೇಳಲಿಲ್ಲ, ಒಂದೊಂದನ್ನೇ ಮುಟ್ಟಿ ಎಣಿಸಿದ. ಅಂದು ಸ್ವಲ್ಪ ಹೆದರಿದೆ.

ಸಂಖ್ಯೆಗಳನ್ನು ಗ್ರಹಿಸುವುದೇ ಕಷ್ಟವಾಗುವ ಡಿಸ್‌ಕ್ಯಾಲ್ಕುಲಿಯಾವನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಗಳಲ್ಲಿ ಸೇರಿಸಿದೆ. ಆದರೆ ಈ ಹುಡುಗನದು ಅದೇ ಎಂದು ಹೇಳುವ ಅಧಿಕಾರ ಮೇಷ್ಟ್ರಿಗಿಲ್ಲ. ‘ದಡ್ಡ’ ಎನ್ನಲು ಮಾತ್ರ ನಮಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ನಾನು ನೋಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ರಾಯಚೂರಿಗೆ ಹೋಗಿ ತಜ್ಞರಿಗೆ ತೋರಿಸಿ ಎಂದು ಹುಡುಗನ ತಂದೆಯ ಕೈಗೆ ಕೊಟ್ಟೆ. ಅವರು ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, “ನಾಟಿ ಮುಗಿಯಲಿ ಸರ್” ಎಂದರು.