ಕಸದ ಡಬ್ಬಿ ಮುಚ್ಚಳದ ಸದ್ದು

ನಿನ್ನೆ ರಾತ್ರಿ ‘'71’ ಸಿನಿಮಾ ನೋಡಿದೆ, ಇನ್ನೂ ತಲೆಯಿಂದ ಹೋಗಿಲ್ಲ. 2014ರಲ್ಲಿ ಬಂದ ಚಿತ್ರ, ನಿರ್ದೇಶಕ ಯಾನ್ ಡಿಮಾಂಜ್‌ಗೆ ಇದೇ ಮೊದಲ ಸಿನಿಮಾ ಅಂದರೆ ನಂಬುವುದು ಕಷ್ಟ.

ಕಥೆ 1971ರ ಬೆಲ್‌ಫಾಸ್ಟ್‌ನದು, ಉತ್ತರ ಐರ್ಲೆಂಡಿನ ಊರು. ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಪ್ರಾಟೆಸ್ಟಂಟರಿಗೂ ಐರ್ಲೆಂಡ್ ಸೇರಬೇಕು ಅನ್ನುವ ಕ್ಯಾಥೊಲಿಕರಿಗೂ ಅಲ್ಲಿ ಆಗ ಸಂಘರ್ಷ. ಗ್ಯಾರಿ ಹುಕ್ ಅನ್ನುವ ಬ್ರಿಟಿಷ್ ಸೈನಿಕ ಗಲಭೆಯಲ್ಲಿ ಒಬ್ಬನೇ ಸಿಕ್ಕಿಹಾಕಿಕೊಳ್ಳುತ್ತಾನೆ, ಅವನ ತುಕಡಿ ಬಿಟ್ಟು ಹೋಗಿರುತ್ತದೆ. ಯಾವ ಬೀದಿ ಕ್ಯಾಥೊಲಿಕರದ್ದು, ಯಾವುದು ಪ್ರಾಟೆಸ್ಟಂಟರದ್ದು ಅಂತ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಾಗುವುದಿಲ್ಲ, ಹೆದರಿಕೆ ಹುಟ್ಟುವುದೇ ಅಲ್ಲಿ.

ಒಂದು ದೃಶ್ಯ ಹೇಳಲೇಬೇಕು. ಸೈನಿಕರು ಬೀದಿಗೆ ಬಂದ ಕೂಡಲೇ ಹೆಂಗಸರು ಕಸದ ಡಬ್ಬಿಯ ಮುಚ್ಚಳ ಹಿಡಿದು ನೆಲಕ್ಕೆ ಬಡಿಯುತ್ತಾರೆ. ಠಣ್, ಠಣ್, ಠಣ್. ಆಗ ನಿಜವಾಗಿಯೂ ಹೀಗೇ ಮಾಡುತ್ತಿದ್ದರು, ಸೈನ್ಯ ಬಂತು ಅಂತ ಇಡೀ ಕೇರಿಗೆ ಗೊತ್ತಾಗಲಿ ಅಂತ. ಗುಂಡಿನ ಸದ್ದಿಗಿಂತ ಇದೇ ನನ್ನನ್ನು ಜಾಸ್ತಿ ಕಾಡಿತು.

ಮುಂದೆ ಹುಕ್‌ನ ಗಾಯ ಹೊಲಿಯುವವನೂ ಒಬ್ಬ ಕ್ಯಾಥೊಲಿಕ್, ಹಿಂದೆ ಸೈನ್ಯದಲ್ಲಿದ್ದವನು. ಯಾರು ಯಾರ ಕಡೆ ಅಂತ ಗೆರೆ ಎಳೆಯುವುದು ಅಷ್ಟು ಸುಲಭ ಅಲ್ಲ, ಅಲ್ವಾ? 1998ರ ಶಾಂತಿ ಒಪ್ಪಂದದ ಹೊತ್ತಿಗೆ ಈ ಸಂಘರ್ಷದಲ್ಲಿ ಸುಮಾರು 3,500 ಜನ ಸತ್ತಿದ್ದರು. ಹುಕ್ ಪಾತ್ರ ಮಾಡಿದ ಜಾಕ್ ಓಕಾನೆಲ್ ಹೆಚ್ಚು ಮಾತೇ ಆಡುವುದಿಲ್ಲ, ಆ ಕಣ್ಣುಗಳೇ ಸಾಕು. ದೀಪ ಆರಿಸಿ ನೋಡಿ.