ಮೂರು ಮೈಲಿ ಆಚೆಯ ಕಾಂಕ್ರೀಟು: ಸೀಲ್ಯಾಂಡ್ ಉಳಿದುಕೊಂಡ ಬಗೆ

ಇಂಗ್ಲೆಂಡಿನ ಪೂರ್ವ ತೀರದಾಚೆ ಸಮುದ್ರದಲ್ಲಿ ನಿಂತು ತನ್ನನ್ನು ತಾನೇ ದೇಶವೆಂದು ಕರೆದುಕೊಳ್ಳುವ ಸೀಲ್ಯಾಂಡ್ ಬಗ್ಗೆ ಮಾತು ಬಂದಾಗಲೆಲ್ಲ ರಾಜ, ರಾಣಿ, ಬಾವುಟ, ಪಾಸ್‌ಪೋರ್ಟು ಇವೇ ಮುಂದೆ ಬರುತ್ತವೆ. ಅವೆಲ್ಲ ಆಮೇಲೆ ಬಂದವು. ಮೊದಲು ಅಲ್ಲಿದ್ದದ್ದು ಯುದ್ಧಕಾಲದ ಒಂದು ಕಾಂಕ್ರೀಟ್ ಕಟ್ಟಡ. ಅದನ್ನು ಹೇಗೆ ಕಟ್ಟಿದರು, ದಡದಿಂದ ಎಷ್ಟು ದೂರದಲ್ಲಿ ಕೂರಿಸಿದರು ಎಂಬುದು ತಿಳಿಯದೆ ಅದರ ಮೇಲೆ ಒಂದು ‘ದೇಶ’ ಹುಟ್ಟಿದ್ದು ಅರ್ಥವಾಗುವುದಿಲ್ಲ. ಅದು ಅರ್ಧ ಶತಮಾನ ದಾಟಿ ಉಳಿದದ್ದಂತೂ ಅರ್ಥವಾಗುವುದೇ ಇಲ್ಲ.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಥೇಮ್ಸ್ ಮತ್ತು ಹ್ಯಾರಿಚ್ ಕಡೆಯ ಹಡಗುದಾರಿಗಳಲ್ಲಿ ಮೈನುಗಳನ್ನು ಉದುರಿಸಿ ಹೋಗುತ್ತಿದ್ದವು. ದಡದಲ್ಲಿದ್ದ ತೋಪುಗಳಿಗೆ ಅವು ಎಟುಕುತ್ತಿರಲಿಲ್ಲ. ಹಾಗಾದರೆ ತೋಪನ್ನೇ ಸಮುದ್ರದ ನಡುವೆ ನಿಲ್ಲಿಸೋಣ ಎಂದು ಎಂಜಿನಿಯರ್ ಗೈ ಮೌನ್ಸೆಲ್ ನೌಕಾಪಡೆಗಾಗಿ ನಾಲ್ಕು ಕೋಟೆಗಳನ್ನು ವಿನ್ಯಾಸ ಮಾಡಿದರು: ರಫ್ ಸ್ಯಾಂಡ್ಸ್, ಸಂಕ್ ಹೆಡ್, ಟಂಗ್ ಸ್ಯಾಂಡ್ಸ್ ಮತ್ತು ನಾಕ್ ಜಾನ್. ಸೀಲ್ಯಾಂಡ್ ಅಂದರೆ ಇವುಗಳಲ್ಲಿ ರಫ್ ಸ್ಯಾಂಡ್ಸ್ ಕೋಟೆ, ಚಿಕ್ಕದಾಗಿ ರಫ್ಸ್. ಉದ್ದ ಕಾಲುಗಳ ಮೇಲೆ ಗುಂಪಾಗಿ ನಿಂತ ಉಕ್ಕಿನ ಮನೆಗಳ ಚಿತ್ರವನ್ನು ಹಾಕಿ ಸೀಲ್ಯಾಂಡ್ ಎಂದು ಬರೆದದ್ದನ್ನು ನೀವೂ ನೋಡಿರಬಹುದು. ಆ ಚಿತ್ರ ತಪ್ಪು. ಅವು ಮೌನ್ಸೆಲ್ ಭೂಸೇನೆಗಾಗಿ ಮಾಡಿದ ಬೇರೆಯೇ ಮಾದರಿಯ ಕೋಟೆಗಳು. ಸೀಲ್ಯಾಂಡಿಗೆ ಇರುವುದು ಎರಡೇ ದಪ್ಪ ಕಂಬ, ಮೇಲೊಂದು ಅಟ್ಟ.

ಕಟ್ಟಿದ ಬಗೆ ಹೀಗೆ. ಕೆಳಗೆ 168 ಅಡಿ ಉದ್ದ, 88 ಅಡಿ ಅಗಲದ, ಒಳಗೆ ಟೊಳ್ಳಾದ ಬಲವರ್ಧಿತ ಕಾಂಕ್ರೀಟಿನ ತೇಲುವ ತಳ, ಅಂದರೆ ಪಾಂಟೂನ್. ಅದರ ಮೇಲೆ 60 ಅಡಿ ಎತ್ತರ, 24 ಅಡಿ ವ್ಯಾಸದ ಎರಡು ಟೊಳ್ಳು ಗೋಪುರಗಳು, ಒಂದೊಂದರಲ್ಲೂ ಏಳು ಅಂತಸ್ತು. ಮಲಗುವ ಕೋಣೆ, ಉಗ್ರಾಣ, ಮದ್ದುಗುಂಡಿನ ಕೋಣೆಗಳೆಲ್ಲ ಇವುಗಳೊಳಗೇ ಇದ್ದವು. ಕೆಳಗಿನ ಅಂತಸ್ತುಗಳು ನೀರಿನ ಮಟ್ಟಕ್ಕಿಂತ ಕೆಳಗೆ ಬರುತ್ತವೆ. ಗೋಪುರಗಳ ನೆತ್ತಿಯ ಮೇಲೆ ಉಕ್ಕಿನ ಡೆಕ್, ಅಲ್ಲಿ 3.7 ಇಂಚಿನ ಎರಡು ತೋಪು ಮತ್ತು 40 ಮಿಲಿಮೀಟರಿನ ಎರಡು ಬೋಫೋರ್ಸ್. ಒಟ್ಟು ತೂಕ ಸುಮಾರು 4,500 ಟನ್. ಇಷ್ಟನ್ನೂ ಥೇಮ್ಸ್ ದಡದಲ್ಲೇ ಪೂರ್ತಿ ಕಟ್ಟಿ, ತೇಲಿಸಿ, ಟಗ್ ದೋಣಿಗಳಿಂದ ಎಳೆದೊಯ್ದು, 1942ರ ಫೆಬ್ರವರಿ 11ರಂದು ಪಾಂಟೂನಿಗೆ ನೀರು ತುಂಬಿಸಿ ಮರಳದಿಬ್ಬದ ಮೇಲೆ ಕೂರಿಸಿದರು.

ಇಲ್ಲಿ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಅಲ್ಲಿ ಯಾರೂ ಸಮುದ್ರತಳಕ್ಕೆ ಕಂಬ ಹೊಡೆದಿಲ್ಲ. ಕೋಟೆ ತನ್ನ ಭಾರದಿಂದಲೇ ಮರಳಿನ ಮೇಲೆ ಕುಳಿತಿದೆ. ಇಂಥ ತಳಪಾಯಕ್ಕೆ ದೊಡ್ಡ ಅಪಾಯ ನೀರಿನ ಕೊರೆತದ್ದು. ಕಟ್ಟಡದ ಮೂಲೆಗಳಲ್ಲಿ ನೀರಿನ ವೇಗ ಹೆಚ್ಚಿ ಅಡಿಯ ಮರಳು ಕೊರೆದುಹೋಗುತ್ತದೆ. ಒಂದು ಬದಿಯ ಮರಳು ಹೋದರೆ ಇಡೀ ಕಟ್ಟಡ ವಾಲುತ್ತದೆ, ವಾಲಿದ ಕಾಂಕ್ರೀಟು ಬಿರುಕು ಬಿಡುತ್ತದೆ. ಇದೇ ಮಾದರಿಯ ಟಂಗ್ ಸ್ಯಾಂಡ್ಸ್ ಕೋಟೆ ಮೊದಲಿಂದಲೂ ಸರಿಯಾಗಿ ಕೂತಿರಲಿಲ್ಲ. ಅದು 1996ರ ಚಳಿಗಾಲದ ಬಿರುಗಾಳಿಗೆ ಮುರಿದುಬಿತ್ತು. ರಫ್ಸ್ ಇನ್ನೂ ನಿಂತಿದೆ. ರಾಜಮನೆತನದ ಕಥೆಗಿಂತ ಈ ವಿಷಯವೇ ನನಗೆ ಹೆಚ್ಚು ಅಚ್ಚರಿ ತರುತ್ತದೆ.

ಯುದ್ಧ ಮುಗಿದ ಮೇಲೂ ಕೆಲವರು ಕಾವಲಿಗಿದ್ದರು. 1956ರಲ್ಲಿ ಕಡೆಯ ಸಿಬ್ಬಂದಿಯೂ ಇಳಿದುಹೋದರು. ಕೋಟೆ ನಿಂತಿದ್ದದ್ದು ಸಫೊಕ್ ತೀರದಿಂದ ಸುಮಾರು 7 ನಾಟಿಕಲ್ ಮೈಲಿ ದೂರದಲ್ಲಿ. ಆಗ ಬ್ರಿಟನ್ನಿನ ಜಲಗಡಿ 3 ಮೈಲಿ. ಅಂದರೆ ಸರಕಾರ ತನ್ನದೇ ಕಟ್ಟಡವೊಂದನ್ನು ತನ್ನ ಗಡಿಯ ಆಚೆ ಖಾಲಿ ಬಿಟ್ಟು ಬಂದಿತ್ತು.

ಅದಕ್ಕೆ ಬೆಲೆ ಬಂದದ್ದು ರೇಡಿಯೋದಿಂದ. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಬಾನುಲಿ ಎಂದರೆ ಬಿಬಿಸಿ ಒಂದೇ. ಹೊಸ ಪಾಪ್ ಸಂಗೀತಕ್ಕೆ ಅದರಲ್ಲಿ ಜಾಗ ಕಡಿಮೆ. 1964ರಲ್ಲಿ ರೇಡಿಯೋ ಕ್ಯಾರೊಲೈನ್ ಎಂಬ ಖಾಸಗಿ ಕೇಂದ್ರ ಜಲಗಡಿಯ ಆಚೆ ನಿಂತ ಹಡಗಿನಿಂದ ಪ್ರಸಾರ ಶುರು ಮಾಡಿದ ಮೇಲೆ ಹಳೆಯ ಕೋಟೆಗಳಿಗೂ ಬೇಡಿಕೆ ಬಂತು. ಸೇನೆಯಲ್ಲಿ ಮೇಜರ್ ಆಗಿದ್ದ ಪ್ಯಾಡಿ ರಾಯ್ ಬೇಟ್ಸ್ 1965ರಲ್ಲಿ ನಾಕ್ ಜಾನ್ ಕೋಟೆ ಹಿಡಿದು ರೇಡಿಯೋ ಎಸೆಕ್ಸ್ ನಡೆಸಿದರು. ಆದರೆ ಜಲಗಡಿ ಅಳೆಯುವುದು ಕಣ್ಣಿಗೆ ಕಾಣುವ ದಡದಿಂದ ಮಾತ್ರವಲ್ಲ. 1958ರ ಜಿನೀವಾ ಒಪ್ಪಂದದ ಪ್ರಕಾರ, ತೀರಕ್ಕೆ ಹತ್ತಿರವಿದ್ದು ಇಳಿತದ ಹೊತ್ತಿಗೆ ನೀರಿನಿಂದ ಮೇಲೆ ಬರುವ ಮರಳದಿಬ್ಬದಿಂದಲೂ ಅಳತೆ ಶುರು ಮಾಡಬಹುದು. ನಾಕ್ ಜಾನ್ ಗಡಿಯ ಒಳಗೇ ಬರುತ್ತದೆ ಎಂದು ತೀರ್ಮಾನವಾಗಿ 1966ರ ನವೆಂಬರ್‌ನಲ್ಲಿ ಬೇಟ್ಸ್‌ಗೆ 100 ಪೌಂಡ್ ದಂಡ ಬಿತ್ತು. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಪ್ರಸಾರ ನಿಂತಿತು. ಯಾವ ಮರಳದಿಬ್ಬದಿಂದ ಅಳೆದರೂ ಗಡಿಯ ಆಚೆಯೇ ಉಳಿಯುವ ಕೋಟೆ ಬೇಕಾಗಿತ್ತು. ರಫ್ಸ್ ಹಾಗಿತ್ತು.

ಅಲ್ಲಿ ಆಗಲೇ ರೇಡಿಯೋ ಕ್ಯಾರೊಲೈನ್‌ನವರ ಜನ ಇದ್ದರು. ಆ ಜನರನ್ನು ಬೇಟ್ಸ್ ಹೊರಹಾಕಿದರು. 1967ರಲ್ಲಿ ಆ ಜನ ಮತ್ತೆ ಹತ್ತಲು ಬಂದಾಗ ಮೇಲಿನಿಂದ ಪೆಟ್ರೋಲ್ ಬಾಂಬು ಎಸೆದು, ಗುಂಡು ಹಾರಿಸಿ ತಡೆದರು. ಕಟ್ಟಡದ ಆಕಾರವೇ ಈ ಕಾವಲಿಗೆ ಅನುಕೂಲ. ಮೆಟ್ಟಿಲಿಲ್ಲ, ದೋಣಿ ಕಟ್ಟುವ ಧಕ್ಕೆಯಿಲ್ಲ. ಕೆಳಗೆ ದೋಣಿ ಏರಿಳಿಯುತ್ತಿರುವಾಗಲೇ ಮೇಲಿನ ವಿಂಚಿನಿಂದ ಇಳಿಬಿಟ್ಟ ಹಗ್ಗದ ತೊಟ್ಟಿಲಲ್ಲಿ ಕೂತು ಮೇಲೇರಬೇಕು. ವಿಂಚು ತಿರುಗಿಸುವವನು ಒಪ್ಪದಿದ್ದರೆ ಹತ್ತುವುದು ಬಲು ಕಷ್ಟ. ಸಮುದ್ರ ಸ್ವಲ್ಪ ಕೆರಳಿದರೂ ಸ್ನೇಹಿತರೇ ಹತ್ತಲಾರರು.

ಆದರೆ ಬೇಟ್ಸ್ ಅಲ್ಲಿಂದ ಒಂದು ದಿನವೂ ಪ್ರಸಾರ ಮಾಡಲಿಲ್ಲ. ಕಾರಣ 1967ರ ಆಗಸ್ಟ್ ಮಧ್ಯದಲ್ಲಿ ಜಾರಿಗೆ ಬಂದ ಸಾಗರ ಪ್ರಸಾರ ಅಪರಾಧ ಕಾಯಿದೆ. ಈ ಕಾಯಿದೆಯ ಜಾಣ್ಮೆಯನ್ನು ಗಮನಿಸಬೇಕು. ಅದು ಕೋಟೆಯನ್ನೋ ಹಡಗನ್ನೋ ಹಿಡಿಯಲು ಹೋಗಲಿಲ್ಲ. ಅವುಗಳಿಗೆ ಸಾಮಾನು ಸಾಗಿಸುವುದು, ಜಾಹೀರಾತು ಕೊಡುವುದು, ಬ್ರಿಟಿಷ್ ಪ್ರಜೆ ಅಲ್ಲಿ ಕೆಲಸ ಮಾಡುವುದು ಇವನ್ನೆಲ್ಲ ಅಪರಾಧ ಮಾಡಿತು. ಡೀಸೆಲ್, ಊಟ, ಹಣ ಎಲ್ಲವೂ ದಡದಿಂದಲೇ ಬರಬೇಕಾದ ಜಾಗದ ಕತ್ತು ಇರುವುದೂ ದಡದಲ್ಲೇ. ಗಡಿಯ ಆಚೆ ಕೂತವನಿಗೆ ಗಡಿಯ ಒಳಗಿಂದಲೇ ಕಡಿವಾಣ ಬಿತ್ತು. ಮುಂದಿನ ಕಥೆಯುದ್ದಕ್ಕೂ ನಡೆದದ್ದು ಇದೇ.

ರೇಡಿಯೋಗೆ ದಾರಿ ಮುಚ್ಚಿದ ಮೇಲೆ, 1967ರ ಸೆಪ್ಟೆಂಬರ್ 2ರಂದು, ಹೆಂಡತಿ ಜೋನ್ ಅವರ ಹುಟ್ಟುಹಬ್ಬದ ದಿನ, ಬೇಟ್ಸ್ ಸ್ವಾತಂತ್ರ್ಯ ಘೋಷಿಸಿ ತಾನು ರಾಜಕುಮಾರ, ಆಕೆ ರಾಜಕುಮಾರಿ ಎಂದರು. ಅಷ್ಟರಲ್ಲಿ ಸೇನೆಯ ಎಂಜಿನಿಯರುಗಳು ಸಂಕ್ ಹೆಡ್ ಕೋಟೆಯನ್ನು ಸಿಡಿಮದ್ದಿಟ್ಟು ಉರುಳಿಸಿದ್ದರು. ಅದು ಖಾಲಿ ಇತ್ತು, ರಫ್ಸ್‌ನಲ್ಲಿ ಜನರಿದ್ದರು. ಉಳಿವಿನ ಮೊದಲ ಕಾರಣ ಅದೇ ಎಂದು ನಾನು ನಂಬುತ್ತೇನೆ. ಇಟಲಿಯ ಉದಾಹರಣೆ ಇದಕ್ಕೆ ತದ್ವಿರುದ್ಧ. ಎಂಜಿನಿಯರ್ ಜಾರ್ಜೊ ರೋಸಾ ರಿಮಿನಿ ತೀರದಾಚೆ 400 ಚದರ ಮೀಟರಿನ ಅಟ್ಟ ಕಟ್ಟಿ 1968ರ ಮೇ 1ರಂದು ಸ್ವಾತಂತ್ರ್ಯ ಘೋಷಿಸಿದರು. ಕೆಲವೇ ವಾರಗಳಲ್ಲಿ ಇಟಲಿ ಸರಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. 1969ರ ಫೆಬ್ರವರಿಯಲ್ಲಿ ನೌಕಾಪಡೆ ಅದನ್ನು ಸ್ಫೋಟಿಸಿತು. ಅದೂ ಜಲಗಡಿಯ ಆಚೆಗೇ ಇತ್ತು. ಗಡಿಯ ಆಚೆ ಇರುವುದೊಂದೇ ಯಾರನ್ನೂ ಕಾಪಾಡುವುದಿಲ್ಲ.

1968ರಲ್ಲಿ ಕೋಟೆಯ ಹತ್ತಿರ ಹಡಗುಗಳಿಗೆ ದಾರಿ ತೋರಲು ತೇಲಿಬಿಟ್ಟ ಗುರುತಿನ (ಬೋಯಿ) ಕೆಲಸಕ್ಕೆ ಬಂದ ದೋಣಿಯತ್ತ ಕೋಟೆಯಿಂದ ಎಚ್ಚರಿಕೆಯ ಗುಂಡು ಹಾರಿತು. ಬೇಟ್ಸ್ ಮತ್ತು ಮಗ ಮೈಕೇಲ್ ಮೇಲೆ ಬಂದೂಕು ಕಾಯಿದೆಯಡಿ ಮೊಕದ್ದಮೆ ನಡೆಯಿತು. ಅಕ್ಟೋಬರ್ 25ರಂದು ಚೆಲ್ಮ್ಸ್‌ಫರ್ಡ್ ನ್ಯಾಯಾಲಯ, ಘಟನೆ ಜಲಗಡಿಯ ಆಚೆ ನಡೆದಿದ್ದರಿಂದ ಈ ಕಾಯಿದೆ ಅಲ್ಲಿಗೆ ಅನ್ವಯಿಸದು, ವಿಚಾರಣೆಯ ಅಧಿಕಾರ ತನಗಿಲ್ಲ ಎಂದಿತು. ಸೀಲ್ಯಾಂಡಿನವರು ಇಂದಿಗೂ ಎತ್ತಿ ತೋರಿಸುವ ದಾಖಲೆ ಇದು. ಆದರೆ ತೀರ್ಪನ್ನು ನಿಧಾನವಾಗಿ ಓದಬೇಕು. ‘ಇಲ್ಲಿ ನಮ್ಮ ಕಾಯಿದೆ ನಡೆಯದು’ ಎಂದರೆ ‘ಇಲ್ಲಿ ನಿಮ್ಮ ರಾಜ್ಯವಿದೆ’ ಎಂದಾಗುವುದಿಲ್ಲ. ನಡುಸಮುದ್ರದಲ್ಲಿ ಯಾರ ಕಾಯಿದೆಯೂ ಪೂರ್ತಿ ನಡೆಯದ ಜಾಗಗಳು ಬೇಕಾದಷ್ಟಿವೆ, ಅವೆಲ್ಲ ದೇಶಗಳಲ್ಲ.

ಈ ಅಂತರವನ್ನು ಬಿಡಿಸಿ ಹೇಳಿದ್ದು ಜರ್ಮನಿಯ ಕಲೋನ್ ಆಡಳಿತ ನ್ಯಾಯಾಲಯ, 1978ರ ಮೇ 3ರಂದು. ಸೀಲ್ಯಾಂಡ್ ಪೌರತ್ವ ಪಡೆದ ಒಬ್ಬರು ತಮ್ಮ ಜರ್ಮನ್ ಪೌರತ್ವ ಹೋಯಿತೆಂದು ಘೋಷಿಸಿ ಎಂದು ಕೇಳಿದ್ದರು. ನ್ಯಾಯಾಲಯ ಒಪ್ಪಲಿಲ್ಲ. ರಾಜ್ಯದ ನೆಲ ಅಂದರೆ ನೈಸರ್ಗಿಕವಾಗಿ ಉಂಟಾದ ಭೂಮಿಯ ತುಂಡು, ಕಂಬಗಳ ಮೇಲೆ ಕೂರಿಸಿದ ಅಟ್ಟವಲ್ಲ ಎಂಬುದು ಮೊದಲ ಕಾರಣ. ಪ್ರಜೆಗಳೆಂದರೆ ಒಟ್ಟಿಗೆ ಬದುಕುವ ಸಮುದಾಯ, ವ್ಯವಹಾರಕ್ಕೋ ತೆರಿಗೆಗೋ ಸೇರಿದ ಕೂಟವಲ್ಲ ಎಂಬುದು ಎರಡನೆಯದು. ನನಗೆ ಎರಡನೆಯದೇ ಗಟ್ಟಿಯಾಗಿ ಕಾಣುತ್ತದೆ. ನೆಲ ಕೃತಕವೋ ಅಲ್ಲವೋ ಎಂದು ವಾದಿಸಬಹುದು. ಸಂಸಾರ, ಶಾಲೆ, ದುಡಿಮೆ ಯಾವುದೂ ಇಲ್ಲದ ಕಡೆ ಪ್ರಜೆಗಳಿದ್ದಾರೆಂದು ವಾದಿಸುವುದು ಕಷ್ಟ.

ಅದೇ ವರ್ಷದ ಆಗಸ್ಟ್‌ನಲ್ಲಿ ನಿಜವಾದ ಆಕ್ರಮಣವೇ ನಡೆಯಿತು. ತಾನು ಸೀಲ್ಯಾಂಡಿನ ಪ್ರಧಾನಿ ಎಂದು ಕರೆದುಕೊಳ್ಳುತ್ತಿದ್ದ ಜರ್ಮನ್ ವ್ಯವಹಾರಸ್ಥ ಅಲೆಕ್ಸಾಂಡರ್ ಆಖೆನ್‌ಬಾಖ್, ಬೇಟ್ಸ್ ದಂಪತಿ ಆಸ್ಟ್ರಿಯಾದಲ್ಲಿದ್ದಾಗ ಜರ್ಮನ್ ಮತ್ತು ಡಚ್ ಬಾಡಿಗೆ ಬಂಟರನ್ನು ಕಳಿಸಿ ಕೋಟೆ ಹಿಡಿಸಿ, ಮೈಕೇಲನ್ನು ಒತ್ತೆಯಾಳಾಗಿಸಿದ. ಬೇಟ್ಸ್ ಹೆಲಿಕಾಪ್ಟರಿನಲ್ಲಿ ಬಂದು ಮರಳಿ ವಶಪಡಿಸಿಕೊಂಡರು. ಸೀಲ್ಯಾಂಡ್ ಪಾಸ್‌ಪೋರ್ಟ್ ಹೊಂದಿದ್ದ ವಕೀಲ ಗೆರ್ನಾಟ್ ಪ್ಯೂಟ್ಸ್‌ನನ್ನು ರಾಜದ್ರೋಹಿ ಎಂದು ಹಿಡಿದಿಟ್ಟು 75,000 ಮಾರ್ಕ್ ಕೇಳಿದರು. ಜರ್ಮನಿ ಬ್ರಿಟನ್ನಿನ ಮೊರೆ ಹೋಯಿತು. ಬ್ರಿಟನ್ 1968ರ ತೀರ್ಪನ್ನು ತೋರಿಸಿ ಕೈತೊಳೆದುಕೊಂಡಿತು. ಕೊನೆಗೆ ಲಂಡನ್ನಿನ ಜರ್ಮನ್ ರಾಯಭಾರ ಕಚೇರಿಯಿಂದ ಅಧಿಕಾರಿಯೊಬ್ಬರು ಕೋಟೆಗೇ ಬಂದು ಮಾತಾಡಿದರು, ಕೆಲ ವಾರಗಳಲ್ಲಿ ಪ್ಯೂಟ್ಸ್ ಬಿಡುಗಡೆಯಾದ. ರಾಯಭಾರಿ ಬಂದಮೇಲೆ ಮಾನ್ಯತೆ ಸಿಕ್ಕಂತೆಯೇ ಎಂದು ಬೇಟ್ಸ್ ವಾದಿಸಿದರು. ಜರ್ಮನಿ ಹಾಗೆಂದು ಯಾವತ್ತೂ ಹೇಳಲಿಲ್ಲ. ಒತ್ತೆಯಾಳಿಗಾಗಿ ಮಾತಾಡಿದ ಮಾತ್ರಕ್ಕೆ ಮಾನ್ಯತೆ ಹುಟ್ಟುವುದಿಲ್ಲ, ಅದಕ್ಕೆ ಕೊಡುವವರ ಉದ್ದೇಶ ಬೇಕು.

1987ರ ಅಕ್ಟೋಬರ್ 1ರಿಂದ ಬ್ರಿಟನ್ ತನ್ನ ಜಲಗಡಿಯನ್ನು 12 ನಾಟಿಕಲ್ ಮೈಲಿಗೆ ಏರಿಸಿತು. ಕೋಟೆ ಇದ್ದಲ್ಲೇ ಇತ್ತು, ಗೆರೆ ಅದನ್ನು ದಾಟಿ ಮುಂದೆ ಹೋಯಿತು. ಸೀಲ್ಯಾಂಡ್ ತನಗೂ 12 ಮೈಲಿ ಎಂದು ಘೋಷಿಸಿತು. ಆದರೆ 1982ರ ವಿಶ್ವಸಂಸ್ಥೆಯ ಸಾಗರ ಕಾನೂನು ಒಪ್ಪಂದದ 60ನೇ ವಿಧಿ ಸ್ಪಷ್ಟವಾಗಿದೆ: ಕೃತಕ ದ್ವೀಪ ಮತ್ತು ಕಟ್ಟಡಗಳಿಗೆ ದ್ವೀಪದ ಸ್ಥಾನವಿಲ್ಲ, ಸ್ವಂತ ಜಲಗಡಿಯೂ ಇಲ್ಲ.

ದಡದ ಹಿಡಿತ ಇನ್ನೊಮ್ಮೆ ಕಂಡದ್ದು 2000ದಲ್ಲಿ, ಹೇವನ್‌ಕೋ ಎಂಬ ಕಂಪನಿ ಯಾವ ಸರಕಾರದ ಕೈಗೂ ಸಿಗದ ಡೇಟಾ ಕೇಂದ್ರ ಕಟ್ಟುತ್ತೇವೆಂದು ಬಂದಾಗ. ಗೋಪುರಗಳೊಳಗೆ ಸರ್ವರ್‌ಗಳು, ಕೋಣೆಗೆ ನೈಟ್ರೋಜನ್ ತುಂಬಿ ಮನುಷ್ಯ ಒಳಬರದಂತೆ ಮಾಡುವ ಯೋಜನೆ. ಆದದ್ದು ಬೇರೆ. ಸರ್ವರಿಗೆ ಎಡೆಬಿಡದ ವಿದ್ಯುತ್ ಬೇಕು, ಅದಕ್ಕೆ ಜನರೇಟರ್, ಅದಕ್ಕೆ ದೋಣಿಯಲ್ಲಿ ತಂದು ಮೇಲೆತ್ತಬೇಕಾದ ಡೀಸೆಲ್. ಸರ್ವರಿನ ಬಿಸಿ ಹೊರಹೋಗಬೇಕು, ಉಪ್ಪು ಗಾಳಿ ಒಳಬರಬಾರದು, ಇವೆರಡನ್ನೂ ಒಟ್ಟಿಗೆ ಸಾಧಿಸುವುದು ದುಬಾರಿ. ಎಲ್ಲಕ್ಕಿಂತ ಮುಖ್ಯವಾಗಿ ಇಂಟರ್‌ನೆಟ್ ಸಂಪರ್ಕದ ಮತ್ತೊಂದು ತುದಿ ದಡದಲ್ಲೇ ಇರಬೇಕು, ಅಲ್ಲಿನ ಕಂಪನಿಗೆ ದಡದ ಕಾನೂನೇ ಅನ್ವಯ. ಸಿಕ್ಕ ಗ್ರಾಹಕರು ಹೆಚ್ಚಾಗಿ ಆನ್‌ಲೈನ್ ಜೂಜಿನವರು. ಸ್ಥಾಪಕರಲ್ಲಿ ಒಬ್ಬರಾದ ರಯಾನ್ ಲ್ಯಾಕಿ 2002ರಲ್ಲಿ ಬಿಟ್ಟುಹೋದರು, 2008ರಲ್ಲಿ ಅದು ಪೂರ್ತಿ ನಿಂತಿತು.

2006ರ ಜೂನ್ 23ರಂದು ವಿದ್ಯುತ್ ದೋಷದಿಂದ ಮೇಲಿನ ಡೆಕ್ಕಿಗೆ ಬೆಂಕಿ ಬಿತ್ತು. ಅಲ್ಲಿದ್ದ ಒಬ್ಬರನ್ನು ಬ್ರಿಟಿಷ್ ವಾಯುಪಡೆಯ ಹೆಲಿಕಾಪ್ಟರ್ ಇಪ್ಸ್‌ವಿಚ್ ಆಸ್ಪತ್ರೆಗೆ ಸಾಗಿಸಿತು, ಬೆಂಕಿ ಆರಿಸಿದ್ದು ಬಂದರಿನಿಂದ ಬಂದ ಟಗ್. ದುರಸ್ತಿ ಆ ವರ್ಷವೇ ಮುಗಿಯಿತು.

ರಾಯ್ ಬೇಟ್ಸ್ 2012ರಲ್ಲಿ 91ನೇ ವಯಸ್ಸಿನಲ್ಲಿ, ಜೋನ್ 2016ರಲ್ಲಿ ತೀರಿಕೊಂಡರು. ಪಟ್ಟ ಮೈಕೇಲ್‌ಗೆ ಬಂತು. ಈಗ ಕೋಟೆಯಲ್ಲಿ ಸಾಮಾನ್ಯವಾಗಿ ಕಾವಲಿಗೆ ಒಬ್ಬಿಬ್ಬರು ಇರುತ್ತಾರೆ, ಖರ್ಚಿನ ಒಂದು ಪಾಲು ಇಂಟರ್‌ನೆಟ್ಟಿನಲ್ಲಿ ಮಾರುವ ಲಾರ್ಡ್, ಲೇಡಿ ಬಿರುದುಗಳಿಂದ ಬರುತ್ತದೆ. ಆ ಬಿರುದಿಗೆ ಕಾನೂನಿನ ಬಲವಿಲ್ಲ, ಕೊಳ್ಳುವವರಿಗೆ ಅದು ಗೊತ್ತಿದ್ದರೆ ತೊಂದರೆಯೂ ಇಲ್ಲ. ಪಾಸ್‌ಪೋರ್ಟಿನ ಮಾತು ಬೇರೆ. ಬೇಟ್ಸ್ ಕುಟುಂಬದ ಕೈಮೀರಿ ಲಕ್ಷಕ್ಕೂ ಹೆಚ್ಚು ನಕಲಿ ಸೀಲ್ಯಾಂಡ್ ಪಾಸ್‌ಪೋರ್ಟುಗಳು ಓಡಾಡುತ್ತಿವೆ ಎಂದು ಗೊತ್ತಾಗಿ, 1997ರಲ್ಲಿ ತಾವು ಕೊಟ್ಟಿದ್ದವನ್ನೂ ಸೇರಿಸಿ ಎಲ್ಲವನ್ನೂ ರದ್ದು ಮಾಡಿದರು. ಆ ಹೆಸರಿನ ಪಾಸ್‌ಪೋರ್ಟನ್ನು ಯಾರಾದರೂ ಪ್ರಯಾಣದ ದಾಖಲೆ ಎಂದು ಮಾರಲು ಬಂದರೆ ಕೊಳ್ಳಬೇಡಿ. ಅದನ್ನು ಒಪ್ಪುವ ಗಡಿ ಯಾವುದೂ ಇಲ್ಲ.